ಕಾಲೇಜಿಗೆ ಕೋಚ್ ಹುಡುಕಿಕೊಡುವ ಕನ್ಸಲ್ಟೆನ್ಸಿ: ಕೊಟ್ಟ ದುಡ್ಡಿಗೆ ಸಿಗುವುದೇನು?

ಮೇ ತಿಂಗಳು ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಖಾಸಗಿ ಕಾಲೇಜುಗಳಲ್ಲಿ ಕೋಚ್ ಹುಡುಕಾಟ ಶುರು. ಕಬಡ್ಡಿಗೊಬ್ಬರು, ವಾಲಿಬಾಲಿಗೊಬ್ಬರು, ಅಥ್ಲೆಟಿಕ್ಸ್‌ಗೊಬ್ಬರು ಬೇಕು. ಪಿ.ಡಿ. ಸರ್, ಅಂದರೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳಲಾರರು. ಆಗ ಆಡಳಿತ ಮಂಡಳಿಯಲ್ಲಿ ಯಾರಾದರೂ ಒಬ್ಬರು, ‘ಬೆಂಗಳೂರಿನ ಕನ್ಸಲ್ಟೆನ್ಸಿಗೆ ಹೇಳೋಣ, ಅವರೇ ಒಳ್ಳೆಯವರನ್ನು ಕಳಿಸುತ್ತಾರೆ’ ಎನ್ನುತ್ತಾರೆ. ಈ ಸೇವೆ ಎಲ್ಲಿ ಬೆಲೆ ಬಾಳುತ್ತದೆ, ಎಲ್ಲಿ ಬಾಳುವುದಿಲ್ಲ ಎಂಬುದನ್ನು ಬಿಡಿಸಿ ಹೇಳುವ ವಿಮರ್ಶೆ ಇದು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಹೆಸರು ಹುಡುಕಿಸಲು ಇವರಿಗೆ ದುಡ್ಡು ಕೊಡಬೇಡಿ, ಹೆಸರನ್ನು ತಪಾಸಣೆ ಮಾಡಿಸಲು ಕೊಡಿ.

ಕೋಚ್ ನೇಮಕಕ್ಕೆ ಏಜೆನ್ಸಿ ಇಡುವ ರೂಢಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬಲವಾಗಿದೆ. ಅಲ್ಲಿನ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಕೋಚ್ ಇನ್ನೊಂದು ಕಡೆ ಹಲವು ವರ್ಷಗಳ ಕರಾರಿನಲ್ಲಿರುತ್ತಾರೆ, ನಡುವೆ ಬಿಟ್ಟರೆ ದೊಡ್ಡ ಮೊತ್ತ ಕಟ್ಟಬೇಕು, ಸುದ್ದಿ ಹೊರಬಿದ್ದರೆ ಇರುವ ತಂಡವೂ ಕದಡುತ್ತದೆ. ಹಾಗಾಗಿ ಅಲ್ಲಿ ಏಜೆನ್ಸಿಯ ಮೊದಲ ಕೆಲಸ ಗುಟ್ಟು ಕಾಯುವುದು. ನಮ್ಮಲ್ಲಿ ಆ ಗುಟ್ಟಿಗೆ ಅಷ್ಟು ಬೆಲೆಯಿಲ್ಲ. ಆದರೆ ಅಲ್ಲಿಂದ ಕಲಿಯಬೇಕಾದ ಪಾಠ ಒಂದಿದೆ. 2001ರ ಡಿಸೆಂಬರ್‌ನಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಆದ ಜಾರ್ಜ್ ಓ'ಲಿಯರಿ ಐದೇ ದಿನಕ್ಕೆ ರಾಜೀನಾಮೆ ಕೊಟ್ಟರು. ಬಯೋಡೇಟಾದಲ್ಲಿ ಪಡೆಯದ ಸ್ನಾತಕೋತ್ತರ ಪದವಿ ಇತ್ತು, ಕಾಲೇಜು ದಿನಗಳಲ್ಲಿ ಆಡದ ಆಟವೂ ಇತ್ತು. ಅಷ್ಟು ದೊಡ್ಡ ಸಂಸ್ಥೆಯೇ ಎಡವಿದ ಮೇಲೆ ನಾವು ಎಷ್ಟು ಎಚ್ಚರವಿರಬೇಕು ನೋಡಿ.

ಈಗ ದುಡ್ಡಿನ ಲೆಕ್ಕ. ಕೋಚ್ ಕೆಲಸಕ್ಕೆ ಸೇರಿದ ಮೇಲಷ್ಟೇ ಶುಲ್ಕ ಪಡೆಯುವ ಏಜೆನ್ಸಿಗಳು ಸಾಮಾನ್ಯವಾಗಿ ಒಂದು ತಿಂಗಳ ಸಂಬಳ, ಅಂದರೆ ವಾರ್ಷಿಕ ಸಂಬಳದ ಶೇ. 8.33 ಕೇಳುತ್ತವೆ. ತಿಂಗಳಿಗೆ 30,000 ರೂಪಾಯಿಯ ಕೋಚ್ ಆದರೆ ಶುಲ್ಕ 30,000, ಅದರ ಮೇಲೆ ಶೇ. 18 ಜಿಎಸ್‌ಟಿ 5,400, ಒಟ್ಟು 35,400. ಮುಂಗಡ ಪಡೆದು ಹುಡುಕುವ ಎಕ್ಸಿಕ್ಯುಟಿವ್ ಸರ್ಚ್ ಸಂಸ್ಥೆ ಶೇ. 25 ಕೇಳಿದರೆ ಅದೇ ಹುದ್ದೆಗೆ 90,000 ಮತ್ತು 16,200 ಜಿಎಸ್‌ಟಿ ಸೇರಿ 1,06,200. ಕಾಲೇಜು ಶಿಕ್ಷಣಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಕಟ್ಟಿದ ತೆರಿಗೆಯನ್ನು ಕಾಲೇಜು ವಾಪಸ್ ಪಡೆಯಲಾಗದು, ಅದು ಪೂರ್ತಿ ಖರ್ಚೇ. ಇನ್ನೊಂದು ಕಡೆ ಕೈ ಕಚ್ಚುತ್ತದೆ: ಶೇಕಡಾವಾರನ್ನು ‘ಸಿಟಿಸಿ’ (ಒಬ್ಬ ಉದ್ಯೋಗಿಗೆ ಸಂಸ್ಥೆ ಮಾಡುವ ಒಟ್ಟು ಖರ್ಚು) ಮೇಲೆ ಹಾಕಿದರೆ ಕಾಲೇಜು ಕಟ್ಟುವ ಪಿ.ಎಫ್., ಗ್ರಾಚ್ಯುಟಿ, ಕೊಡುವ ರೂಮಿನ ಬಾಡಿಗೆ ಎಲ್ಲದರ ಮೇಲೂ ಶುಲ್ಕ ಬೀಳುತ್ತದೆ. ವರ್ಕ್ ಆರ್ಡರಿನಲ್ಲಿ ‘ಕೈಗೆ ಕೊಡುವ ಸಂಬಳದ ಮೇಲೆ ಮಾತ್ರ’ ಎಂದು ಬರೆಸಿ.

ಕರಾರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜಗಳ ತರುವ ಸಾಲು ಬೇರೆಯೇ. ಏಜೆನ್ಸಿ ಕಳಿಸಿದ ಬಯೋಡೇಟಾದವರನ್ನು ಮುಂದಿನ 12 ತಿಂಗಳಲ್ಲಿ ಯಾವ ದಾರಿಯಿಂದ ನೇಮಿಸಿಕೊಂಡರೂ ಶುಲ್ಕ ಕೊಡಬೇಕು ಎಂದಿರುತ್ತದೆ. ಬೆಂಗಳೂರಿನಂಥ ಊರಿಗೆ ಇದು ನ್ಯಾಯ. ದಾವಣಗೆರೆಯಲ್ಲಿ ಕಬಡ್ಡಿ, ಕುಸ್ತಿ, ಖೋಖೋ ವಲಯದವರು ಒಬ್ಬರಿಗೊಬ್ಬರು ಗೊತ್ತಿರುವವರೇ. ಹೈಸ್ಕೂಲ್ ಮೈದಾನದಲ್ಲೋ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲೋ ಬೆಳಗ್ಗೆ ಐದೂವರೆಗೆ ನಿಂತರೆ ಅರ್ಧ ಪಟ್ಟಿ ಅಲ್ಲೇ ಸಿಗುತ್ತದೆ. ನಿಮ್ಮ ಪಿ.ಡಿ. ಸರ್‌ಗೆ ಹತ್ತು ವರ್ಷದಿಂದ ಪರಿಚಯವಿದ್ದ ಕೋಚ್‌ಗೂ ಏಜೆನ್ಸಿಗೆ ದುಡ್ಡು ಕಟ್ಟುವ ಪರಿಸ್ಥಿತಿ ಬರಬಾರದು. ಸಹಿ ಹಾಕುವ ಮೊದಲೇ, ನಿಮಗೆ ಗೊತ್ತಿರುವ ಹೆಸರುಗಳ ಪಟ್ಟಿಯನ್ನು ಇ-ಮೇಲಿನಲ್ಲಿ ಕಳಿಸಿ, ಇವರಿಗೆ ಶುಲ್ಕ ಅನ್ವಯಿಸದು ಎಂಬ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ.

‘90 ದಿನಗಳ ರಿಪ್ಲೇಸ್‌ಮೆಂಟ್ ಗ್ಯಾರಂಟಿ’ಯನ್ನೂ ಕ್ಯಾಲೆಂಡರ್ ಇಟ್ಟುಕೊಂಡು ಓದಬೇಕು. ಜೂನ್ ಮೊದಲ ವಾರ ಸೇರಿದವರ 90 ದಿನ ಸೆಪ್ಟೆಂಬರ್ ಮೊದಲ ವಾರಕ್ಕೆ ಮುಗಿಯುತ್ತದೆ. ಅಂತರ ಕಾಲೇಜು ಪಂದ್ಯಗಳು ಬಾಕಿ ಇರುವಾಗ ಕೋಚ್ ಬಿಟ್ಟು ಹೋದರೆ ಗ್ಯಾರಂಟಿ ಇದ್ದೂ ಇಲ್ಲದಂತೆ. ದಾವಣಗೆರೆ ವಿಶ್ವವಿದ್ಯಾಲಯದ್ದೋ ವಿಟಿಯುದ್ದೋ, ನಿಮ್ಮ ತಂಡ ಆಡುವ ಕೊನೆಯ ಪಂದ್ಯದ ತನಕ ಅದನ್ನು ವಿಸ್ತರಿಸಲು ಪಟ್ಟು ಹಿಡಿಯಿರಿ.

ಇನ್ನು ಹುಡುಕಾಟದ ಗುಣಮಟ್ಟ. ಇಲ್ಲಿ ಈ ಸೇವೆಗೆ ಕಡಿಮೆ ಅಂಕ. ಜಾಬ್ ಪೋರ್ಟಲ್‌ನಲ್ಲಿ ‘ಸ್ಪೋರ್ಟ್ಸ್ ಕೋಚ್’ ಎಂದು ಟೈಪ್ ಮಾಡಿ ಬಂದದ್ದನ್ನು ಕಳಿಸಿದರೆ ಜಿಮ್ ಟ್ರೈನರ್, ಯೋಗ ಶಿಕ್ಷಕ, ಶಾಲೆಯ ಪಿ.ಟಿ. ಮಾಸ್ತರು ಎಲ್ಲರೂ ಒಂದೇ ಕಡತದಲ್ಲಿ ಬರುತ್ತಾರೆ. ಕೋಚ್ ಮತ್ತು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗಳನ್ನು ಒಂದೇ ಎಂದುಕೊಳ್ಳುವುದು ಇನ್ನೊಂದು ತಪ್ಪು. ನಿರ್ದೇಶಕರಿಗೆ ಯುಜಿಸಿ 2018ರ ನಿಯಮದಂತೆ ಸ್ನಾತಕೋತ್ತರ ಪದವಿ ಬೇಕು, ದೈಹಿಕ ಸಾಮರ್ಥ್ಯ ಪರೀಕ್ಷೆಯೂ ಇದೆ: 30 ವರ್ಷದೊಳಗಿನ ಪುರುಷರು 12 ನಿಮಿಷದಲ್ಲಿ 1,800 ಮೀಟರ್ ಮುಗಿಸಬೇಕು. ಒಂದೇ ಆಟ ಕಲಿಸುವ ಕೋಚ್‌ಗೆ ಈ ನಿಯಮ ಹೇರಿದರೆ ಒಳ್ಳೆಯ ಕೋಚ್‌ಗಳು ಮೊದಲ ಸುತ್ತಿನಲ್ಲೇ ಹೊರಗೆ. ಹಾಗಾಗಿ ಬೇಡಿಕೆಯನ್ನು ನೀವೇ ಒಂದು ಪುಟದಲ್ಲಿ ಬರೆದುಕೊಡಿ: ಯಾವ ಆಟ, ಹುಡುಗರೋ ಹುಡುಗಿಯರೋ, ದಿನಕ್ಕೆ ಎಷ್ಟು ತಾಸು, ಮ್ಯಾಟ್ ಇದೆಯೋ ಮಣ್ಣಿನ ಅಂಕಣವೋ, ರೂಮು ಕೊಡುತ್ತೀರೋ ಇಲ್ಲವೋ. ಮಣ್ಣಿನ ಅಂಕಣ ಎಂಬುದನ್ನು ಮುಚ್ಚಿಟ್ಟರೆ ಮ್ಯಾಟಿನ ಕೋಚ್ ಬಂದ ವಾರಕ್ಕೇ ಬ್ಯಾಗ್ ಕಟ್ಟುತ್ತಾರೆ, ತಪ್ಪು ಅವರದಲ್ಲ.

ತಪಾಸಣೆಯಲ್ಲಿ ಏಜೆನ್ಸಿಯನ್ನು ಪೂರ್ತಿ ದುಡಿಸಿಕೊಳ್ಳಬೇಕು. ‘ಎನ್‌ಐಎಸ್ ಕೋಚ್’ ಎಂಬ ಎರಡು ಪದ ಬಯೋಡೇಟಾದಲ್ಲಿ ಕಂಡರೆ ಅಲ್ಲಿಗೇ ನಿಲ್ಲಬೇಡಿ. 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಒಂದು ವರ್ಷದ ಡಿಪ್ಲೊಮಾ ಬೇರೆ, ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಬೇರೆ. ಇವೆರಡರಲ್ಲಿ ಯಾವುದನ್ನು ಮುಗಿಸಿದವರೂ ‘ಎನ್‌ಐಎಸ್ ಕೋಚ್’ ಎಂದೇ ಬರೆದುಕೊಳ್ಳುತ್ತಾರೆ. ಡಿಪ್ಲೊಮಾದ ವರ್ಷ, ಆಟ, ನೋಂದಣಿ ಸಂಖ್ಯೆ ಕೇಳಿ, ಸಂಸ್ಥೆಗೇ ಪತ್ರ ಬರೆದು ಖಚಿತಪಡಿಸಿಕೊಂಡ ಉತ್ತರ ಕಡತದಲ್ಲಿರಲಿ. ಉದ್ದೀಪನ ಮದ್ದಿನ ಪ್ರಕರಣದಲ್ಲಿ ಹೆಸರಿದೆಯೇ ಎಂದು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ (ನಾಡಾ) ಪ್ರಕಟಿಸುವ ನಿರ್ಬಂಧಿತರ ಪಟ್ಟಿಯಲ್ಲಿ ನೋಡಿಸಿ. ಪೊಲೀಸ್ ಪರಿಶೀಲನಾ ಪತ್ರಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಕಾಲೇಜಿನಲ್ಲಿ ಪಿಯು ವಿಭಾಗ ಇದ್ದರೆ ಇದನ್ನು ಬಿಡಲೇಬೇಡಿ, ಅಲ್ಲಿನ ಹೆಚ್ಚಿನ ಮಕ್ಕಳು 18 ತುಂಬದವರು, ಪೋಕ್ಸೊ ಕಾಯ್ದೆಯ ವ್ಯಾಪ್ತಿಯಲ್ಲಿರುವವರು. ಹಿಂದಿನ ಕೆಲಸದ ಬಗ್ಗೆ ಪ್ರಾಂಶುಪಾಲರನ್ನಷ್ಟೇ ಕೇಳಿದರೆ ಸಾಲದು. ಆ ಕೋಚ್ ಕೈಯಲ್ಲಿ ಎರಡು ವರ್ಷ ಆಡಿ ಹೊರಬಂದ ಇಬ್ಬರು ಹೆಣ್ಣುಮಕ್ಕಳ ಜತೆ ಏಜೆನ್ಸಿಯ ಮಹಿಳಾ ಸಿಬ್ಬಂದಿ ಮಾತಾಡಲಿ. ಈ ಒಂದು ಫೋನ್ ಕರೆಗಾಗಿಯೇ ಶುಲ್ಕ ಕೊಟ್ಟರೂ ನಷ್ಟವಿಲ್ಲ ಎನ್ನುತ್ತೇವೆ.

ಆದರೆ ಕೋಚಿಂಗ್ ನೋಡುವ ಕೆಲಸ ನಿಮ್ಮದೇ. ಇಂಟರ್‌ವ್ಯೂ ಕೋಣೆಯಲ್ಲಿ ಅದು ಕಾಣುವುದಿಲ್ಲ. ಒಂದೂವರೆ ತಾಸು, ನಿಮ್ಮದೇ ಅಂಕಣ, ನಿಮ್ಮದೇ 14 ಹುಡುಗರು. ಬೆಂಗಳೂರಿನಿಂದ ಬರುವವರು ಹೆದ್ದಾರಿಯಲ್ಲಿ ಸುಮಾರು 260 ಕಿ.ಮೀ. ದಾಟಿ ಮಧ್ಯಾಹ್ನ ಇಳಿದರೆ ದಣಿದಿರುತ್ತಾರೆ. ಹಿಂದಿನ ರಾತ್ರಿ ತಂಗಲು ವ್ಯವಸ್ಥೆ ಮಾಡಿ, ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಕರೆಯಿರಿ. ಕಬಡ್ಡಿ ಗೊತ್ತಿರುವ ಕೋಚ್ ಶಿಳ್ಳೆ ಊದುವ ಮೊದಲು ಬಗ್ಗಿ ಮ್ಯಾಟಿನ ಜೋಡಣೆಗಳ ಮೇಲೆ ಅಂಗೈ ಆಡಿಸುತ್ತಾರೆ, ಬೆರಳು ಇಳಿಯುವಷ್ಟು ಸಂದಿದ್ದರೆ ಸರಿಪಡಿಸಿದ ಮೇಲೆಯೇ ಆಟ. ಯಾರ ಮಂಡಿ, ಯಾರ ಭುಜ ನೋಯುತ್ತಿದೆ ಎಂದು ಕೇಳುತ್ತಾರೆ. ಕಣಕಾಲು ಹಿಡಿಯಲು ಹಾರಿದ ಹುಡುಗನ ತಲೆ ರೈಡರ್‌ನ ಮಂಡಿಯ ಎದುರಿಗೆ ಬಂದರೆ ಆಟ ನಿಲ್ಲಿಸಿ, ಅವನ ಗದ್ದ ಹಿಡಿದು ತಲೆಯನ್ನು ತೊಡೆಯ ಪಕ್ಕಕ್ಕೆ ಸರಿಸಿ, ನಿಧಾನವಾಗಿ ಐದು ಸಲ ಮಾಡಿಸುತ್ತಾರೆ. ಹಲ್ಲು ಉದುರುವುದು, ಮೂಗು ಒಡೆಯುವುದು ಆ ಒಂದು ಗೇಣು ಅಂತರದಲ್ಲಿ. ಆಟ ಗೊತ್ತಿಲ್ಲದವರು ಇಪ್ಪತ್ತು ನಿಮಿಷ ರೌಂಡ್ ಓಡಿಸಿ, ಎರಡು ತಂಡ ಮಾಡಿ, ಮ್ಯಾಚ್ ಬಿಟ್ಟು ಬದಿಯಲ್ಲಿ ನಿಲ್ಲುತ್ತಾರೆ.

ದೊಡ್ಡ ಏಜೆನ್ಸಿ ನಿಜಕ್ಕೂ ಬೇಕಾಗುವ ಸಂದರ್ಭಗಳೂ ಇವೆ. ಹಲವು ಕಾಲೇಜು ನಡೆಸುವ ಟ್ರಸ್ಟ್‌ಗೆ ಒಬ್ಬ ಮುಖ್ಯ ಕ್ರೀಡಾಧಿಕಾರಿ ಬೇಕಾದಾಗ, ಇರುವ ಕೋಚ್‌ಗೆ ತಿಳಿಯದಂತೆ ಬದಲಿ ನೋಡಬೇಕಾದಾಗ, ಅಥವಾ ‘ನಮ್ಮ ಕಡೆ ಹುಡುಗ’ ಎಂಬ ಶಿಫಾರಸು ನಾಲ್ಕೂ ಕಡೆಯಿಂದ ಬಂದು ಪ್ರಾಂಶುಪಾಲರು ಇಕ್ಕಟ್ಟಿಗೆ ಸಿಕ್ಕಾಗ. ಹೊರಗಿನವರ ಕೈಯಲ್ಲಿ ಅಂಕಪಟ್ಟಿ ಇದ್ದರೆ ಇಲ್ಲ ಎನ್ನಲು ಒಂದು ಆಧಾರವಾಗುತ್ತದೆ. ಉಳಿದಂತೆ ಒಂದು ಆಟಕ್ಕೆ ಒಬ್ಬ ಕೋಚ್ ಎಂದಾದರೆ, ಬೆಂಗಳೂರಿನ ಜ್ಞಾನಭಾರತಿ ಆವರಣದ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರಕ್ಕೂ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗಕ್ಕೂ ಪತ್ರ ಬರೆದರೆ ಅಂಚೆ ಖರ್ಚಿನಲ್ಲೇ ಹೆಸರುಗಳು ಸಿಗುತ್ತವೆ. ತಪಾಸಣೆಯನ್ನು ಮಾತ್ರ ಏಜೆನ್ಸಿಗೆ, ತಲೆಗೆ ಇಷ್ಟು ಎಂದು ನಿಗದಿ ಮಾಡಿ ಕೊಡಿ.

ಪೂರ್ತಿ ಹುಡುಕಾಟವನ್ನೇ ಒಪ್ಪಿಸುವುದಾದರೆ ಹಣವನ್ನು ಮೂರು ಕಂತು ಮಾಡಿ: ಸಹಿಯ ದಿನ ಶೇ. 30, ತಪಾಸಣೆ ಮುಗಿದ ಮೂರು ಹೆಸರು ಕಾಗದಪತ್ರ ಸಮೇತ ಬಂದಾಗ ಶೇ. 30. ಉಳಿದ ಶೇ. 40 ಕೋಚ್ ಸೇರಿದ ದಿನ ಬೇಡ, ತಂಡ ಸೀಸನ್ನಿನ ಕೊನೆಯ ಪಂದ್ಯ ಆಡಿ ಊರಿಗೆ ವಾಪಸ್ ಬಂದ ಮೇಲೆ.