ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುವ ಓನರ್‌ಗಳೇ, ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಚಿಕ್ಕಮಗಳೂರು, ಹಾಸನದ ಕಡೆ ಮನೆ ಬಾಡಿಗೆಗೆ ಕೊಟ್ಟಿರುವವರಿಗೆ ಈ ಮಾತು. ಮಳೆಗಾಲ ಹತ್ತಿರ ಬಂದ ಕೂಡಲೇ "ತಾರಸಿ ಸೋರ್ತಿದ್ಯಾ ಸಾರ್? ಎರಡೇ ದಿನದ ಕೆಲಸ, ಹತ್ತು ವರ್ಷ ಗ್ಯಾರಂಟಿ" ಅಂತ ಕಾರ್ಡ್ ಹಿಡಿದು ಬರುವವರಿದ್ದಾರಲ್ಲ, ಅವರಿಗೆ ಕೆಲಸ ಕೊಡಬೇಡಿ. ನನ್ನ ಹತ್ತಿರ ಒಬ್ಬ ಹೀಗೇ 50 ಸಾವಿರ ಎಣಿಸಿಕೊಂಡು ಹೋದ. ಅವನ ಹೆಸರು ಹಾಕಲ್ಲ. ಹಾಕಿದರೂ ಬೇರೆ ಹೆಸರಲ್ಲಿ ಹೊಸ ಕಾರ್ಡ್ ಹೊಡೆಸೋದು ಅವನಿಗೇನು ಕಷ್ಟ?

ಕಲ್ಯಾಣನಗರದಲ್ಲಿ ನಮ್ಮದೊಂದು ಬಾಡಿಗೆ ಮನೆ ಇದೆ. ಮೇಲಿನ ಮನೆಯ ರೂಮಿನ ಸೂರಲ್ಲಿ ನೀರಿನ ಕಲೆ ಬಂದಿತ್ತು. ಬಂದವನು ತಾರಸಿಯನ್ನು ಒಂದು ಸುತ್ತು ನೋಡಿ ಚದರ ಅಡಿಗೆ 45 ರೂಪಾಯಿ ಅಂದ. ಮೇ ಕೊನೆಯ ವಾರ, ಸಂಜೆಯಾದರೆ ಮಳೆ. ನೆಲ ಇನ್ನೂ ಹಸಿ ಇದೆಯಲ್ಲ ಅಂತ ಕೇಳಿದ್ದಕ್ಕೆ "ಇದು ಹಸಿ ಮೇಲೇ ಹಿಡಿಯೋ ಮಾಲು ಸಾರ್, ನೀವು ಟೆನ್ಷನ್ ತಗೋಬೇಡಿ" ಅಂದ. ಹುಡುಗರು ಪೊರಕೆಯಲ್ಲಿ ಗುಡಿಸಿದರು, ರೋಲರ್ ಆಡಿಸಿದರು, ಬೆಳ್ಳಗೆ ಮಾಡಿ ಹೊರಟೇಹೋದರು.

ಆರಿದ್ರಾ ಮಳೆ ಆರದೆ ಹೊಯ್ಯುತ್ತೆ ಅಂತಾರಲ್ಲ, ಹಾಗೇ ಹೊಯ್ಯಿತು. ಬಳಿದದ್ದೆಲ್ಲ ಹಪ್ಪಳದ ಹಾಗೆ ಉಬ್ಬಿತು. ಒಂದು ಕಡೆ ಉಗುರು ಹಾಕಿ ಎಳೆದರೆ ಮೊಣಕೈ ಉದ್ದದ ಪೊರೆ ಸಲೀಸಾಗಿ ಕಿತ್ತು ಬಂತು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಪಾಚಿ, ಮಣ್ಣು, ಒಂದು ಒಣಗಿದ ಎಲೆ ಕೂಡ ಹಾಗೇ ಅಂಟಿಕೊಂಡಿತ್ತು! ಅಂದರೆ ತಾರಸಿ ಉಜ್ಜೇ ಇಲ್ಲ, ಪ್ರೈಮರ್ ಹೊಡೆದೇ ಇಲ್ಲ. ಒಳಗೆ ಸಿಕ್ಕಿಕೊಂಡ ತೇವ ಬಿಸಿಲಿಗೆ ಆವಿಯಾಗಿ ಮೇಲಕ್ಕೆ ಒತ್ತುತ್ತೆ, ಉಬ್ಬೋದು ಅದಕ್ಕೇ. ಇಷ್ಟಕ್ಕೂ ನೀರು ಇಳಿಯುತ್ತಿದ್ದದ್ದು ತಾರಸಿ ಸುತ್ತಲಿನ ಪ್ಯಾರಾಪೆಟ್ ಗೋಡೆ ಮೋಲ್ಡಿಗೆ, ಅಂದರೆ ಕಾಂಕ್ರೀಟ್ ಸೂರಿಗೆ, ಸೇರುವ ಸಂದಿಯಿಂದ. ಅದನ್ನು ಯಾರೂ ಮುಟ್ಟಿರಲಿಲ್ಲ. ನೀರು ಕೊಳವೆ ಕಡೆ ಹರಿಯುವ ಹಾಗೆ ವಾಟವೂ ಸರಿ ಇರಲಿಲ್ಲ, ಒಂದು ಮೂಲೆಯಲ್ಲಿ ನಿಂತೇ ಇರುತ್ತಿತ್ತು.

ನಿಜಕ್ಕೂ ಹೆದರಿಸಿದ್ದು ಕರೆಂಟು. ನೀರು ಮೋಲ್ಡ್ ಒಳಗಿನ ವೈರಿಂಗ್ ಪೈಪ್ ಹಿಡಿದು ಫ್ಯಾನ್ ಬಾಕ್ಸಿಗೆ ಬಂತು. ಕೆಳಗಿನ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬೀಳತೊಡಗಿತು, ಎತ್ತಿದರೆ ಮತ್ತೆ ಬೀಳುತ್ತೆ. ಬಾಡಿಗೆಯವರು ಫೋನ್ ಮಾಡಿ "ಅಂಕಲ್, ಸ್ವಿಚ್ ಬೋರ್ಡ್ ಮುಟ್ಟಿದ್ರೆ ಜುಂ ಅನ್ನುತ್ತೆ, ಮಗು ಇದೆ ಮನೇಲಿ" ಅಂದರು. ಹೀಗಾದಾಗ ಇಎಲ್‌ಸಿಬಿಯನ್ನೇ ಬೈಪಾಸ್ ಮಾಡಿ ಅಂತ ಎಲೆಕ್ಟ್ರಿಷಿಯನ್‌ಗೆ ಹೇಳುವವರಿದ್ದಾರೆ. ಸುಮ್ನೆ ಬೀಳಲ್ಲ ಅದು. ಕರೆಂಟು ಎಲ್ಲೋ ಸೋರುತ್ತಿರುವುದಕ್ಕೇ ಬೀಳೋದು. ಆ ರೂಮಿನ ಲೈನ್ ಪೂರ್ತಿ ತೆಗೆಸಿದೆ.

ತಾರಸಿ ಬಳಿದು ಹೋದವನಿಗೆ ಫೋನ್ ಮಾಡಿದರೆ ತಪ್ಪೆಲ್ಲ ಬಾಡಿಗೆಯವರದ್ದಂತೆ. ತಾರಸಿ ಮೇಲೆ ಬಟ್ಟೆ ಒಗೆಯುತ್ತಾರಂತೆ, ಕುರ್ಚಿ ಎಳೆಯುತ್ತಾರಂತೆ. ಗ್ಯಾರಂಟಿ ಕಾಗದ ತೆಗೆದರೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಕಟ್ಟಡದ ಬಿರುಕಿಗೆ ನಾವು ಹೊಣೆಯಲ್ಲ" ಅಂತಿದೆ. ಬಿರುಕಿಲ್ಲದೆ ಸೋರುತ್ತಾ? ಕಾಗದದಲ್ಲಿ ವಿಳಾಸವೇ ಇಲ್ಲ, ಬಿಲ್ ಕೇಳಿದ್ದಕ್ಕೆ ನಂಬರ್ ಬ್ಲಾಕ್.

ಬಾಡಿಗೆಯವರ ಮೇಲೆ ಹಾಕಿ ಜಾರಿಕೊಳ್ಳೋಣ ಅಂದುಕೊಂಡರೆ ಅದೂ ನಡೆಯಲ್ಲ. ರಿಪೇರಿ ಓನರ್ ಜವಾಬ್ದಾರಿ ಅಂತಿದ್ದು, ತಿಳಿಸಿದ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಅವರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲೇ ಇದೆ. ಟ್ಯಾಕ್ಸಲ್ಲಿ ತೋರಿಸಿಕೊಳ್ಳೋಣ ಅಂದರೆ, ಬಾಡಿಗೆ ಆದಾಯದಲ್ಲಿ ರಿಪೇರಿ ಲೆಕ್ಕಕ್ಕೆ ಸಿಗೋದು ಶೇ. 30ರ ನಿಗದಿತ ಕಡಿತ ಮಾತ್ರ, ನೀವು ಎಷ್ಟೇ ಸುರಿದಿರಿ.

ಆಮೇಲೆ ಒಬ್ಬ ಹಳೇ ಮೇಸ್ತ್ರಿ ಬಂದರು. ಮಳೆಗಾಲ ಮುಗಿಯುವವರೆಗೂ ಟಾರ್ಪಾಲಿನ್ ಹೊದಿಸಿ, ಕೆಲಸಕ್ಕೆ ಕೈ ಹಾಕಿದ್ದು ಜನವರಿ ಬಿಸಿಲಲ್ಲಿ. ಹಳೇ ಪೊರೆ ಪೂರ್ತಿ ಕೆರೆದು, ವೈರ್ ಬ್ರಷ್ಷಲ್ಲಿ ಉಜ್ಜಿ, ಬಿರುಕುಗಳನ್ನು ಬಿಡಿಸಿ ತುಂಬಿ, ಪ್ಯಾರಾಪೆಟ್ ಬುಡಕ್ಕೆ ಗುಂಡಗೆ ಗಾರೆ ಕೊಟ್ಟು, ಆಮೇಲೆ ಎರಡು ಕೋಟ್. ಕೊಳವೆಗೆ ಬಟ್ಟೆ ತುರುಕಿ 48 ಗಂಟೆ ನೀರು ನಿಲ್ಲಿಸಿ, ಕೆಳಗೆ ಹೋಗಿ ಸೂರು ಮುಟ್ಟಿ ನೋಡಿದ ಮೇಲೇ ದುಡ್ಡು ಕೇಳಿದರು. ಅದರಲ್ಲೂ ಸ್ವಲ್ಪ ಭಾಗ ಮಳೆಗಾಲ ಕಳೆದ ಮೇಲೆ ಕೊಡ್ತೀನಿ ಅಂದೆ, ಒಪ್ಪಿದರು.

ಮಾಲು ಎಷ್ಟು ಬೇಕು ಅಂತ ನೀವೇ ಲೆಕ್ಕ ಹಾಕಬಹುದು. ಲೀಟರಿಗೆ ಎಷ್ಟು ಜಾಗ ಬರುತ್ತೆ ಅಂತ ಬಕೆಟ್ ಮೇಲೇ ಇರುತ್ತೆ. ಸೀಲ್ ಒಡೆಯುವಾಗ ಎದುರಿಗೇ ಇರಿ, ನೀರು ಜಾಸ್ತಿ ಬೆರೆಸೋದು ಅಲ್ಲೇ. ವಿಳಾಸ ಇರುವ ಬಿಲ್ ಇಲ್ಲದೆ ಮುಂಗಡ ಕೊಡಬೇಡಿ. ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ಹೋಗಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ಆದರೆ ಯಾರ ಮೇಲೆ ದೂರು ಅಂತ ಬರೆಯೋಕೆ ವಿಳಾಸ ಬೇಕಲ್ವಾ.

ಇನ್ನೊಂದು, ಫೋಟೋ ನೋಡಿ ಕೆಲಸ ಕೊಡಬೇಡಿ. ಅವನು ಹಿಂದಿನ ವರ್ಷ ಮಾಡಿದ ಮನೆ ಎಲ್ಲಿ ಅಂತ ಕೇಳಿ, ಮಳೆ ಸುರಿಯುವಾಗ ಹೋಗಿ ಅಲ್ಲಿಯವರನ್ನು ವಿಚಾರಿಸಿ. ನಮ್ಮ ತಾರಸಿಯ ಫೋಟೋ ಕೂಡ ನಮಗೆ ಟೋಪಿ ಹಾಕಿದವನ ಸ್ಟೇಟಸ್‌ನಲ್ಲಿ ಬೆಳ್ಳಗೆ ಹೊಳೆಯುತ್ತಿದೆ ಅಂತ ಮೊನ್ನೆ ನನ್ನ ಭಾವಮೈದ ತೋರಿಸಿದ.