ಮೂರು ಹಳೆ ಸಿಎನ್‌ಸಿ ಲೇತ್, ಒಂದೇ ಶಾಫ್ಟ್

ಕುಮಟಾದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್. ಎರಡು ಸಾದಾ ಲೇತ್, ಒಂದು ಡ್ರಿಲ್ಲಿಂಗ್, ಒಂದು ಮುದುಕ ಮಿಲ್ಲಿಂಗ್. ಕೆಲಸ ಎರಡು ಕಡೆಯಿಂದ ಬರುತ್ತದೆ. ಘಟ್ಟದ ಮೇಲಿನಿಂದ, ಅಂದರೆ ಶಿರಸಿ ಸಿದ್ದಾಪುರದ ಕಡೆಯಿಂದ, ಅಡಿಕೆ ಸುಲಿಯುವ ಯಂತ್ರದ ಶಾಫ್ಟು, ಪುಲ್ಲಿ. ಕೆಳಗಿನಿಂದ, ತದಡಿ ಹೊನ್ನಾವರದ ಬೋಟಿನವರಿಂದ, ಗನ್‌ಮೆಟಲ್ ಬುಷ್. ಒಂದೇ ನಮೂನೆಯ ಶಾಫ್ಟ್ ಇನ್ನೂರು ಮುನ್ನೂರು ಕೇಳಲು ಶುರು ಮಾಡಿದ ಮೇಲೆ ಕೈಯಲ್ಲಿ ಹ್ಯಾಂಡಲ್ ತಿರುಗಿಸಿ ಪೂರೈಸುವುದು ಆಗದ ಮಾತು ಅಂತ ಗೊತ್ತಾಯಿತು. ಪ್ರೋಗ್ರಾಂ ತುಂಬಿಸಿದರೆ ತಾನೇ ಓಡುವ ಲೇತ್, ಅದೇ ಸಿಎನ್‌ಸಿ, ಬೇಕಿತ್ತು. ಹೊಸ ಸಿಎನ್‌ಸಿ ಲೇತಿನ ರೇಟು ಕೇಳಿ ಫೋನ್ ಇಟ್ಟೆ. ಕಳೆದ ದೀಪಾವಳಿ ಮುಗಿಸಿಕೊಂಡು ಹಳೆಯದನ್ನು ಹುಡುಕಲು ಹೊರಟೆ.

ಹತ್ತಾರು ಫೋಟೋ ನೋಡಿ ಕೊನೆಗೆ ಮೂರು ಉಳಿಸಿಕೊಂಡೆ. ಒಂದು ಪೀಣ್ಯದ್ದು. ಬೆಂಗಳೂರಿನಲ್ಲೇ ತಯಾರಾದ ಸ್ಲ್ಯಾಂಟ್ ಬೆಡ್ (ಓರೆ ಹಾಸಿನ) ಲೇತ್, ಅದನ್ನು ನಡೆಸುವ ಕಂಪ್ಯೂಟರ್, ಅಂದರೆ ಕಂಟ್ರೋಲ್, ಫಾನುಕ್ ಕಂಪನಿಯ 0ಐ, ಹನ್ನೆರಡು ವರ್ಷ ಹಳೆಯದು, ಇನ್ನೂ ಓಡುತ್ತಿತ್ತು. ಎರಡನೆಯದು ಕೊಯಮತ್ತೂರಿನ ಒಬ್ಬ ಡೀಲರ್ ಯಾರ್ಡಿನಲ್ಲಿದ್ದ ಜಪಾನ್ ಯಂತ್ರ, ತೊಂಬತ್ತರ ದಶಕದ್ದು. ಮೂರನೆಯದು ಬೆಳಗಾವಿಯ ಉದ್ಯಮಬಾಗದಲ್ಲಿ ಸಿಕ್ಕಿತು: ಹಳೆ ಸಾದಾ ಲೇತಿಗೆ ಟೂಲ್ ಸರಿಸುವ ಹೊಸ ಬಾಲ್‌ಸ್ಕ್ರೂ, ಸರ್ವೋ ಮೋಟಾರು, ಚೀನಾದ ಹೊಸ ಕಂಟ್ರೋಲರ್ ಕೂರಿಸಿ ಸಿಎನ್‌ಸಿ ಮಾಡಿದ್ದು.

ಹೋದಲ್ಲೆಲ್ಲ ಒಂದೇ ಚೀಲ ಒಯ್ದೆ. ಮ್ಯಾಗ್ನೆಟಿಕ್ ಸ್ಟ್ಯಾಂಡ್, ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ತೋರಿಸುವ ಡಯಲ್, ಮೈಕ್ರೋಮೀಟರ್, ಉಕ್ಕು ಕತ್ತರಿಸುವ ನಮ್ಮದೇ ಇನ್‌ಸರ್ಟ್, ಹತ್ತು ತುಂಡು ಈಎನ್8 ಉಕ್ಕಿನ ರಾಡು. ಮಾರುವವರು ತೋರಿಸುವ ಸ್ಯಾಂಪಲ್ ನೋಡಿ ಏನೂ ಪ್ರಯೋಜನ ಇಲ್ಲ, ಅದು ಯಾವ ಯಂತ್ರದ್ದೋ ಯಾರಿಗೆ ಗೊತ್ತು. ನನ್ನ ಶಾಫ್ಟಿನ ಉದ್ದ 180 ಮಿಲಿಮೀಟರ್, ತುದಿಯಲ್ಲಿ 6205 ಬೇರಿಂಗ್ ಕೂರುತ್ತದೆ. ಆ ಸೀಟು 25 ಮಿಲಿಮೀಟರಿಗಿಂತ 2ರಿಂದ 15 ಮೈಕ್ರಾನ್ ಜಾಸ್ತಿ ಇರಬೇಕು. ಅಂದರೆ ಆಟಕ್ಕೆ ಸಿಗುವುದು 13 ಮೈಕ್ರಾನ್ ಮಾತ್ರ. ಯಂತ್ರ ಹೇಗಿದೆ ಅನ್ನುವುದನ್ನು ಆ 13 ಮೈಕ್ರಾನೇ ಹೇಳುತ್ತದೆ.

ಪೀಣ್ಯಕ್ಕೆ ಮೊದಲು ಹೋದೆ. ಮಾಲೀಕರು ದೊಡ್ಡ ಯಂತ್ರ ತರುತ್ತಿದ್ದರು, ಜಾಗ ಬೇಕಿತ್ತು. ‘ಒಂದೇ ಶಿಫ್ಟ್ ಓಡಿಸಿದ್ದು ಸಾರ್’ ಎಂದರು. ಫಾನುಕ್‌ನಲ್ಲಿ ಟೈಮರ್ ಪುಟ ಇರುತ್ತದೆ, ಪವರ್ ಆನ್ ಆಗಿದ್ದ ಒಟ್ಟು ಗಂಟೆ ಅಲ್ಲೇ ಕಾಣುತ್ತದೆ, 6750ನೇ ಪ್ಯಾರಾಮೀಟರಿನಲ್ಲಿ (ಕಂಟ್ರೋಲಿನೊಳಗೆ ನಂಬರು ಕೊಟ್ಟು ಇಟ್ಟ ಸೆಟ್ಟಿಂಗ್) ಅದೇ ಲೆಕ್ಕ ನಿಮಿಷದಲ್ಲಿ ಇರುತ್ತದೆ. ನೋಡಿದರೆ 52,000 ಗಂಟೆ. ಹನ್ನೆರಡು ವರ್ಷಕ್ಕೆ ಭಾಗಿಸಿ ನೋಡಿ, ಒಂದು ಶಿಫ್ಟ್ ಎಲ್ಲಿ ಬಂತು? ನಾನು ಏನೂ ಹೇಳಲಿಲ್ಲ, ಸುಮ್ನೆ ಅವರ ಮುಖ ನೋಡಿದೆ. ಅವರು ಚಹಾ ತರಿಸಿದರು.

ಆಮೇಲೆ ಡಯಲ್ ಹಚ್ಚಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಳೆ ಲೇತ್ ನೋಡಲು ಹೋಗುವವರು ಇಲ್ಲೇ ಏಮಾರುವುದು. ಡಯಲಿನ ಮೊನೆಯನ್ನು ಟೂಲ್ ಹಿಡಿಯುವ ಟರೆಟ್ಟಿಗೆ ತಾಗಿಸಿ, ಹ್ಯಾಂಡ್‌ವೀಲಿನಲ್ಲಿ ಝಡ್ (ಶಾಫ್ಟಿನ ಉದ್ದಕ್ಕೆ ಟೂಲ್ ಹೋಗುವ ದಿಕ್ಕು) ಅನ್ನು ಹತ್ತು ಮೈಕ್ರಾನಿನಂತೆ ಒಂದೊಂದೇ ಕ್ಲಿಕ್ ಮುಂದೆ ಒಯ್ಯುವುದು, ಆಮೇಲೆ ಹಿಂದೆ ತರುವುದು. ಹಿಂದೆ ತರುವಾಗ ಕ್ಲಿಕ್ ಆದರೂ ಮುಳ್ಳು ಅಲುಗದಿದ್ದರೆ ಸ್ಕ್ರೂವಿನಲ್ಲಿ ಅಷ್ಟು ಸಡಿಲ, ಅಂದರೆ ಬ್ಯಾಕ್‌ಲ್ಯಾಶ್. ಶಾಫ್ಟ್ ಹಿಡಿಯುವ ಚಕ್ಕಿನ ಹತ್ತಿರ ಮಾಡಿದೆ, ಮುಳ್ಳು ಹೇಳಿದ ಹಾಗೆ ಬಂತು. ಖುಷಿಯಾಗಿ ಅಲ್ಲಿಗೇ ಬಿಟ್ಟಿದ್ದರೆ ಕೆಟ್ಟಿದ್ದೆ. 1851ನೇ ಪ್ಯಾರಾಮೀಟರ್ ತೆಗೆಸಿ ನೋಡಿದೆ. ಬ್ಯಾಕ್‌ಲ್ಯಾಶ್ ಎಷ್ಟಿದೆ ಅಂತ ಕಂಟ್ರೋಲಿಗೆ ಹೇಳಿಕೊಡುವುದು ಅಲ್ಲೇ. ಝಡ್‌ನಲ್ಲಿ 42 ಮೈಕ್ರಾನ್ ಹಾಕಿದ್ದರು. ಸ್ಕ್ರೂ ಸವೆದಿದೆ, ಅಂಕಿ ಕೊಟ್ಟು ಮುಚ್ಚಿದ್ದಾರೆ. ಟರೆಟ್ಟನ್ನು ಚಕ್ಕಿನಿಂದ ದೂರ, ಯಾರೂ ಕೆಲಸ ಮಾಡದ ಕಡೆ ಒಯ್ದು ಅದನ್ನೇ ಮಾಡಿದರೆ ಹಿಂದೆ ಬರುವಾಗ ಮುಳ್ಳು ಸುಮಾರು 30 ಮೈಕ್ರಾನ್ ಜಾಸ್ತಿ ಹಾರಿತು. ಅಲ್ಲಿ ಸ್ಕ್ರೂ ಸವೆದಿಲ್ಲ, ಆದರೆ ಕಂಟ್ರೋಲ್ ಅಲ್ಲಿಯೂ ಅದೇ 42 ಸೇರಿಸುತ್ತಿದೆ. ವರ್ಷಗಟ್ಟಲೆ ಒಂದೇ ಸಣ್ಣ ಪಾರ್ಟು ಚಕ್ಕಿನ ಬುಡದಲ್ಲೇ ಮಾಡಿದ ಯಂತ್ರ ಅದು, ಕೇಳಿದಾಗ ಹೌದು ಅಂತ ಒಪ್ಪಿಕೊಂಡರು.

ಎಕ್ಸ್, ಅಂದರೆ ಟೂಲ್ ಅಡ್ಡಕ್ಕೆ ಹೋಗುವ ದಿಕ್ಕು, ಚೆನ್ನಾಗಿತ್ತು, ಅಲ್ಲಿ ಹಾಕಿದ್ದು ಬರೀ 6. ಶಾಫ್ಟಿನ ದಪ್ಪ ಬರುವುದು ಎಕ್ಸ್‌ನಿಂದ ಅಲ್ವಾ, ನನಗೆ ಅದು ಮುಖ್ಯ. ಟೆಲಿಸ್ಕೋಪಿಕ್ ಕವರ್ ಸರಿಸಿ ಟರೆಟ್ ಜಾರುವ ಹಳಿ, ಅಂದರೆ ಗೈಡ್‌ವೇ ಮೇಲೆ ಬೆರಳು ಎಳೆದೆ. ಬೆರಳಿಗೆ ತೆಳ್ಳಗೆ ಎಣ್ಣೆ ಹತ್ತಿತು. ಲ್ಯೂಬ್ ಪಂಪು ಬದುಕಿದೆ ಅಂತ ಅರ್ಥ. ಒಣಗಿದ್ದರೆ ಅಲ್ಲಿಂದಲೇ ವಾಪಸ್ ಬರುತ್ತಿದ್ದೆ.

ಕೊಯಮತ್ತೂರಿನ ಕಥೆ ಬೇರೆ. ಆ ಯಂತ್ರ ನೋಡಿದರೆ ಯಾರಿಗಾದರೂ ಮನಸ್ಸಾಗಬೇಕು. ಬಾಕ್ಸ್ ವೇ (ಬೆಡ್ಡಿನ ಜೊತೆಗೇ ಎರಕ ಹೊಯ್ದ ಅಗಲ ಹಳಿ), ಎರಕ ಎಷ್ಟು ದಪ್ಪ ಅಂದರೆ ಬಡಿದರೆ ಗಂಟೆಯ ಹಾಗೆ ಅಲ್ಲ, ಬಂಡೆಯ ಹಾಗೆ ಸದ್ದು. ಮೂವತ್ತು ವರ್ಷ ಆದರೂ ವೇ ಮೇಲೆ ಕೈಯಲ್ಲಿ ಸ್ಕ್ರೇಪ್ ಮಾಡಿದ ಗುರುತು ಮೀನಿನ ಹುರುಪೆಯಂತೆ ಕಾಣುತ್ತಿತ್ತು. ಚಕ್ಕನ್ನು ತಿರುಗಿಸುವ ಸ್ಪಿಂಡಲ್ ಮೂತಿಗೆ ಡಯಲ್ ಇಟ್ಟು ತಿರುಗಿಸಿದರೆ ಮುಳ್ಳು ಅಲುಗಿದ್ದು 3 ಮೈಕ್ರಾನ್. ಆದರೆ ಕರೆಂಟ್ ಕೊಟ್ಟಾಗ ಪರದೆಯಲ್ಲಿ ಸಾಲುಸಾಲು ಅಲಾರಂ. ತಿಂಗಳುಗಟ್ಟಲೆ ಯಾರ್ಡಿನಲ್ಲಿ ನಿಂತು ಮೆಮೊರಿ ಬ್ಯಾಟರಿ ಸತ್ತಿತ್ತು, ಅದರ ಜೊತೆ ಪ್ಯಾರಾಮೀಟರ್ ಎಲ್ಲ ಅಳಿಸಿಹೋಗಿತ್ತು. ಕೆಲವು ರೂಪಾಯಿಯ ಸೆಲ್ಲು ಹಾಕುವ ಪುಣ್ಯಾತ್ಮ ಒಬ್ಬ ಸಿಗಲಿಲ್ಲ. ಇಂಥ ಯಂತ್ರದ ಪ್ಯಾನಲ್ ಬಾಗಿಲಿನ ಒಳಗೆ ಪ್ಯಾರಾಮೀಟರ್ ಬರೆದ ಹಾಳೆ ಇರಬೇಕು. ಇಲ್ಲಿ ಬರೀ ಗೋಂದಿನ ಕಲೆ ಇತ್ತು.

ವಾರದಲ್ಲಿ ಸರಿ ಮಾಡುತ್ತೇವೆ ಎಂದರು, ಮೂರು ವಾರ ಆಯಿತು, ನಾನೂ ಹಟಕ್ಕೆ ಬಿದ್ದು ಮತ್ತೆ ಹೋದೆ. ಎಲ್ಲಿಂದಲೋ ಪ್ಯಾರಾಮೀಟರ್ ತಂದು ತುಂಬಿಸಿದ್ದರು. ಯಂತ್ರ ಓಡಿತು. ಮೂರರಲ್ಲಿ ಒಳ್ಳೆ ಫಿನಿಶ್ ಕೊಟ್ಟಿದ್ದು ಅದೇ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಎಂಟನೇ ಶಾಫ್ಟ್ ನಡೆಯುವಾಗ ಪರದೆ ಕಪ್ಪಾಯಿತು. ಆಫ್ ಮಾಡಿ ಆನ್ ಮಾಡಿದರು, ಬಂತು. ‘ಲೂಸ್ ಕನೆಕ್ಷನ್’ ಎಂದರು. ನಾನು ಅಷ್ಟೊತ್ತಿಗೆ ಆ ಲೂಸ್ ಕನೆಕ್ಷನ್ ಜುಲೈ ತಿಂಗಳಲ್ಲಿ ಕುಮಟಾದಲ್ಲಿ ಆದರೆ ಯಾರನ್ನು ಕರೆಯಲಿ ಅಂತ ಯೋಚಿಸುತ್ತಿದ್ದೆ. ಟ್ರಾನ್ಸ್‌ಫಾರ್ಮರ್ ಎಲ್ಲಿ ಎಂದು ಕೇಳಿದರೆ ಅದು ಬೇರೆ ರೇಟು ಅಂತೆ. ಮೋಟಾರು ನಡೆಸುವ ಡ್ರೈವಿಗೆ ಬೇಕಾದದ್ದು 200 ವೋಲ್ಟ್, ನಮ್ಮ ಲೈನು 415. ಟ್ರಾನ್ಸ್‌ಫಾರ್ಮರ್ ಇಲ್ಲದೆ ಆ ಯಂತ್ರ ಒಯ್ದು ಮಾಡುವುದೆಂತ?

ಬೆಳಗಾವಿದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹತ್ತಿರ. ಕಂಟ್ರೋಲ್ ಹೊಸದು, ಯುಎಸ್‌ಬಿ ಹಾಕಿ ಪ್ರೋಗ್ರಾಂ ತುಂಬಬಹುದು, ಸಾದಾ ಲೇತ್ ನಡೆಸುವ ನಮ್ಮ ಹುಡುಗ ಅರ್ಧ ದಿನದಲ್ಲಿ ಕಲಿತ. ಸೆಂಟರಿನಿಂದ ಸೆಂಟರಿಗೆ, ಅಂದರೆ ಶಾಫ್ಟ್ ಕೂರುವ ಜಾಗ, ಒಂದೂವರೆ ಮೀಟರ್ ಉದ್ದ, ಉಳಿದ ಎರಡರಲ್ಲಿ ಅದು ಇಲ್ಲ. ಆದರೆ ಬೆಡ್ ಮಾತ್ರ ಹಳೆಯದೇ. ಚಕ್ಕಿನ ಹತ್ತಿರ ಹೊಟ್ಟೆ ಇಳಿದಿತ್ತು. ಶಾಫ್ಟ್ ತಿರುಗಿಸಿ ಎರಡೂ ತುದಿ ಅಳೆದರೆ 30 ಮೈಕ್ರಾನ್ ಟೇಪರ್, ಒಂದು ತುದಿ ದಪ್ಪ, ಇನ್ನೊಂದು ಸಪೂರ. ಪ್ರೋಗ್ರಾಮಿನಲ್ಲಿ ಅಷ್ಟು ಓರೆ ಕೊಟ್ಟು ಸರಿ ಮಾಡಬಹುದು ಎಂದರು. ಮಾಡಬಹುದು, ಸರಿ, ಆದರೆ ಪ್ರತಿ ಜಾಬಿನ ಉದ್ದ ಬದಲಾದಾಗ ಮತ್ತೆ ಲೆಕ್ಕ. ಮೇಲಿಂದ ಸುತ್ತ ಗಾರ್ಡ್ ಇಲ್ಲ, ಕೂಲಂಟ್ ಗೋಡೆಗೆಲ್ಲ ಹಾರುತ್ತದೆ.

ಹತ್ತತ್ತು ಶಾಫ್ಟಿನ ಬೇರಿಂಗ್ ಸೀಟನ್ನು ಊರಿಗೆ ತಂದು ಒಂದೇ ಮೈಕ್ರೋಮೀಟರಿನಲ್ಲಿ ಅಳೆದೆ. ಅತಿ ದಪ್ಪಕ್ಕೂ ಅತಿ ಸಪೂರಕ್ಕೂ ಜಪಾನಿನದರಲ್ಲಿ 6 ಮೈಕ್ರಾನ್ ವ್ಯತ್ಯಾಸ, ಪೀಣ್ಯದ್ದರಲ್ಲಿ 9, ಬೆಳಗಾವಿಯದರಲ್ಲಿ 28. ಬೆಳಗಾವಿಯದು ಬಿಸಿಯಾಗುವವರೆಗೆ ಒಂದು ಅಳತೆ, ಆದ ಮೇಲೆ ಇನ್ನೊಂದು. ರೇಟು ಕೇಳಿದ್ದು ಪೀಣ್ಯದವರು ಎಂಟು ಲಕ್ಷ, ಕೊಯಮತ್ತೂರಿನವರು ಆರೂವರೆ, ಬೆಳಗಾವಿಯವರು ನಾಲ್ಕು ಕಾಲು. ತೂಕದಲ್ಲೂ ಕೊಯಮತ್ತೂರಿನದೇ ಮುಂದೆ, ಅದನ್ನು ಇಳಿಸಲು ನಮ್ಮ ಓಣಿಗೆ ಬರುವ ಸಣ್ಣ ಹೈಡ್ರಾ ಕ್ರೇನ್ ಸಾಲುತ್ತಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಯಂತ್ರ ಸಾಯುವುದು ಸವೆದು ಅಲ್ಲ. ಗಾಳಿಯ ಉಪ್ಪು, ಹೋಗಿಬರುವ ಕರೆಂಟು, ರಿಪೇರಿಯವರ ದೂರ, ಈ ಮೂರರಿಂದ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಬೋಟಿನ ರಿಪೇರಿ ಎಲ್ಲ ಆಗಲೇ. ಗಾಳಿಮಳೆಗೆ ಲೈನಿನ ಮೇಲೆ ಮರ ಬೀಳುವುದೂ ಆಗಲೇ. ನನಗೆ ಕೆಲಸ ಜಾಸ್ತಿ ಇರುವಾಗ ಯಂತ್ರಕ್ಕೆ ಕಷ್ಟ ಜಾಸ್ತಿ. ಹಾಗಾಗಿ ದಿನಾ ಓಡುತ್ತಿದ್ದ, ಹುಬ್ಬಳ್ಳಿಯಿಂದ ಸರ್ವಿಸಿನವರು ಬೆಳಿಗ್ಗೆ ಹೊರಟು ಮಧ್ಯಾಹ್ನ ಮುಟ್ಟಬಹುದಾದ, ಬೋರ್ಡು ಹೋದರೆ ಹಳೆಯದು ಕೊಟ್ಟು ಬೇರೆ ತರಬಹುದಾದ ಯಂತ್ರವೇ ಬೇಕಿತ್ತು. 52,000 ಗಂಟೆ ಓಡಿದ ಯಂತ್ರ ಅಂತ ಗೊತ್ತಿದ್ದೂ ಪೀಣ್ಯದ್ದನ್ನು ಕೊಂಡೆ. ಝಡ್ ಸ್ಕ್ರೂ ತೋರಿಸಿ ಎಪ್ಪತ್ತು ಸಾವಿರ ಇಳಿಸಿದೆ.

ಹಣ ಕೊಡುವ ಮೊದಲು ಎರಡು ಕೆಲಸ ಅಲ್ಲೇ ಮಾಡಿಸಿದೆ. ಒಂದು, ಪೂರ್ತಿ ಮೆಮೊರಿ ಬ್ಯಾಕಪ್. ಈ ಫಾನುಕ್‌ನಲ್ಲಿ ಪರದೆಯ ಕೆಳಗಿನ ಬಲತುದಿಯ ಎರಡು ಕೀ ಒತ್ತಿಹಿಡಿದು ಆನ್ ಮಾಡಿದರೆ ಬೂಟ್ ಪುಟ ಬರುತ್ತದೆ, ಅಲ್ಲಿಂದ ಎಸ್‌ರ‍್ಯಾಮ್ (ಪ್ಯಾರಾಮೀಟರ್ ಇರುವ ಮೆಮೊರಿ) ಪೂರ್ತಿ ಕಾರ್ಡಿಗೆ ಇಳಿಸಬಹುದು. ಇನ್ನೊಂದು, ಬ್ಯಾಟರಿ ಎಲ್ಲ ಹೊಸದು. ಮೆಮೊರಿ ಬ್ಯಾಟರಿ ಬೇರೆ, ಆಂಪ್ಲಿಫೈಯರಿನಲ್ಲಿ ಟರೆಟ್ ಎಲ್ಲಿದೆ ಅಂತ ನೆನಪಿಡುವ ಎನ್‌ಕೋಡರ್ ಬ್ಯಾಟರಿ ಬೇರೆ, ಎರಡನೆಯದನ್ನು ಮರೆಯುವವರೇ ಜಾಸ್ತಿ.

ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿಸಿ ತಂದೆವು. ಟರೆಟ್ಟಿಗೆ ಮರದ ದಿಮ್ಮಿ ಕೊಟ್ಟು ಬಿಗಿದಿದ್ದರೂ ತಿರುವು ತಿರುವಿಗೆ ಲಾರಿಯ ಹಿಂದೆ ಬೈಕಿನಲ್ಲಿ ಬರುತ್ತಿದ್ದ ನನ್ನ ಜೀವ ಕೈಯಲ್ಲಿತ್ತು. ಇಳಿಸಿ ಕಾಂಕ್ರೀಟ್ ಹಾಸಿನ ಮೇಲೆ ಲೆವೆಲ್ ಮಾಡಲು ಎರಡು ದಿನ ಹಿಡಿಯಿತು.

ಪ್ಯಾನಲ್ ತೆರೆದರೆ ಒಳಗೆಲ್ಲ ಎಣ್ಣೆ ಹತ್ತಿದ ಧೂಳು. ಅಲ್ಲಿ ಬೇಸಿಗೆಯಲ್ಲಿ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡುತ್ತಿದ್ದರಂತೆ. ಪೀಣ್ಯದಲ್ಲಿ ನಡೆಯಿತು. ಇಲ್ಲಿ ಹಾಗೆ ಮಾಡಿದರೆ ಒಂದೇ ಮಳೆಗಾಲಕ್ಕೆ ಬೋರ್ಡು ಹಸಿರಾಗುತ್ತದೆ. ಪ್ಯಾನಲ್ ಎಸಿ ಹಾಕಿಸಿದೆ, ಬಾಗಿಲಿನ ರಬ್ಬರ್ ಬದಲಿಸಿದೆ, ಸರ್ವೋ ಸ್ಟೆಬಿಲೈಸರ್ ತಂದೆ, ಎರಡು ಅರ್ತ್ ಗುಂಡಿ ತೋಡಿಸಿದೆ. ಎಲ್ಲ ಸೇರಿ ಒಂದೂಕಾಲು ಲಕ್ಷ. ಮಳೆಗಾಲದ ರಾತ್ರಿ ಯಂತ್ರ ನಿಂತಾಗ ಪ್ಯಾನಲ್ ಒಳಗೆ ಒಂದು 40 ವ್ಯಾಟ್ ಹಳೆ ಬಲ್ಬು ಉರಿಯುತ್ತದೆ, ಕರೆಂಟ್ ಇದ್ದರೆ.

ಒಂದು ಮಳೆಗಾಲ ದಾಟಿದೆ. ಒಮ್ಮೆ ಒಂದು ಕಾಂಟ್ಯಾಕ್ಟರ್ (ಕರೆಂಟಿನ ದೊಡ್ಡ ಸ್ವಿಚ್) ಕರಕಲಾಯಿತು, ಅಷ್ಟೇ. ಶಾಫ್ಟಿನ ಸೀಟು ಈಗಲೂ ಹದಿಮೂರರ ಒಳಗೇ ಬರುತ್ತಿದೆ. ಉದ್ದದ ಅಳತೆಗೆ ಮಾತ್ರ ಟೂಲನ್ನು ಯಾವಾಗಲೂ ಒಂದೇ ದಿಕ್ಕಿನಿಂದ ತರುವ ಹಾಗೆ ಪ್ರೋಗ್ರಾಂ ಬರೆಯುತ್ತೇನೆ, ಝಡ್ ಸ್ಕ್ರೂ ಬದಲಿಸುವವರೆಗೆ.

ಬೆಳಗಾವಿದನ್ನು ಅಂಕೋಲಾದ ಸ್ನೇಹಿತ ಒಬ್ಬ ತಂದ. ಬೋಟಿನ ಉದ್ದ ಶಾಫ್ಟ್ ನನ್ನದರಲ್ಲಿ ಹಿಡಿಸುವುದಿಲ್ಲ, ಅವನಿಗೆ ಕಳಿಸುತ್ತೇನೆ. ಅವನ ಸಣ್ಣ ಬುಷ್ ನನಗೆ ಬರುತ್ತದೆ.

ಕೊಯಮತ್ತೂರಿನವರು ಹೋದ ತಿಂಗಳು ಫೋನ್ ಮಾಡಿದ್ದರು. ಯಂತ್ರ ಇನ್ನೂ ಇದೆ, ಒಂದು ಲಕ್ಷ ಇಳಿಸಿದ್ದೇವೆ ಎಂದರು. ಆಸೆ ಇನ್ನೂ ಹೋಗಿಲ್ಲ ನೋಡಿ, ಬ್ಯಾಟರಿ ಹೊಸದು ಹಾಕಿದ್ದೀರಾ ಎಂದು ಕೇಳಿದೆ.

‘ನೀವು ಬರುವ ಹಿಂದಿನ ದಿನ ಹಾಕಿಸ್ತೇವೆ ಸಾರ್.’