ಮೈಸೂರು ಶೈಲಿಯ ಸರಸ್ವತಿ: ಬರೆಸಿಕೊಂಡ ಅನುಭವ

ಮೈಸೂರಿನಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಚಿತ್ರಕಲಾವಿದೆಯೊಬ್ಬರಿಂದ ಸಾಂಪ್ರದಾಯಿಕ ಶೈಲಿಯ ಸರಸ್ವತಿಯ ಚಿತ್ರವನ್ನು ಬರೆಸಿಕೊಂಡೆವು. ಮುಂಗಡ ಪಡೆಯುವ ಮೊದಲೇ ಅವರು ಪೆನ್ಸಿಲ್ಲಿನ ಕರಡನ್ನು ತೋರಿಸಿ, ವೀಣೆಯ ಮೇಲಿನ ಬೆರಳುಗಳ ಬಾಗು ನಮಗೆ ಒಪ್ಪಿಗೆಯಾಗುವವರೆಗೆ ಎರಡು ಬಾರಿ ತಿದ್ದಿಕೊಟ್ಟರು.

ಆಭರಣ, ಪ್ರಭಾವಳಿ, ಸೀರೆಯಂಚುಗಳಲ್ಲಿ ಅಂಟು ಬೆರೆಸಿದ ಲೇಪವನ್ನು ಕುಂಚದಿಂದ ಎಳೆ ಎಳೆಯಾಗಿ ಎತ್ತರಿಸಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸುವ ಜೆಸ್ಸೊ ಕೆಲಸವೇ ಈ ಶೈಲಿಯ ಜೀವಾಳ. ತಂಜಾವೂರು ಚಿತ್ರಗಳ ದಪ್ಪ ಉಬ್ಬಾಗಲಿ ಕಲ್ಲುಗಳ ಹೊಳಪಾಗಲಿ ಇಲ್ಲಿ ಸಲ್ಲದು, ಎಲ್ಲವೂ ತೆಳುವಾಗಿ ನಿಲ್ಲಬೇಕು. ಕಲಾವಿದೆಯ ಕೈ ಅದರಲ್ಲಿ ಚೆನ್ನಾಗಿ ಪಳಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿರುವ, ದೇವತೆಗಳ ರೂಪವನ್ನು ವರ್ಣಿಸುವ ಧ್ಯಾನಶ್ಲೋಕಗಳಿಂದ ತಾವು ಮೂರ್ತಿಲಕ್ಷಣವನ್ನು ಪಡೆಯುವುದಾಗಿ ಅವರು ಹೇಳಿದರಾದರೂ, ಅರೆಮುಚ್ಚಿದ ಕಣ್ಣುಗಳ ಮೃದುತ್ವ ಯಾವ ಶ್ಲೋಕದಿಂದಲೂ ಬಂದದ್ದಲ್ಲ, ಅದು ಅವರದೇ ಎಂದು ನನಗನ್ನಿಸಿತು.

ಹಿನ್ನೆಲೆಯ ಹಸಿರು ಮಾತ್ರ ಕರಡಿನ ಜೊತೆ ತೋರಿಸಿದ ಬಣ್ಣದ ಮಾದರಿಗಿಂತ ಗಾಢವಾಯಿತು. 6 ವಾರಗಳೆಂದು ಒಪ್ಪಿದ ಕೆಲಸ 9 ವಾರ ಹಿಡಿಯಿತು; ಮಳೆಗಾಲದಲ್ಲಿ ಲೇಪ ಬೇಗ ಒಣಗದೆಂಬ ಕಾರಣ ನಿಜವೇ ಇರಬಹುದು, ಆದರೆ ಅದನ್ನು ಮೊದಲೇ ತಿಳಿಸಬಹುದಿತ್ತು. ಚೌಕಟ್ಟಿನ ವೆಚ್ಚ ಪ್ರತ್ಯೇಕ. ನವರಾತ್ರಿಗೆ ಚಿತ್ರ ಬೇಕೆನ್ನುವವರು ಬೇಸಿಗೆಯಲ್ಲೇ ಹೇಳಿಡುವುದು ಲೇಸು.